ಈಸ್ಟ್‌ಬೋರ್ನ್: ಚಿತ್ರಕಾರ್ಡಿನಲ್ಲಿ ಉಳಿದ ಕಡಲಂಚು

ಇಂಗ್ಲೆಂಡಿನ ದಕ್ಷಿಣ ಕರಾವಳಿಯ ಸಸೆಕ್ಸ್ ಸೀಮೆಯಲ್ಲಿರುವ ಈಸ್ಟ್‌ಬೋರ್ನ್ ಪಟ್ಟಣದ ಹಳೆಯ ಚಿತ್ರಕಾರ್ಡುಗಳಲ್ಲಿ ಒಂದು ನೋಟ ಮತ್ತೆ ಮತ್ತೆ ಬರುತ್ತದೆ: ಮುಂದೆ ಹೂವಿನ ಪಾತಿಗಳು, ಪಕ್ಕದಲ್ಲಿ ಜನ ಅಡ್ಡಾಡುವ ಕಡಲಂಚಿನ ಹಾದಿ, ಆಚೆ ಸಮುದ್ರದೊಳಕ್ಕೆ ಚಾಚಿದ ಪಿಯರ್. ಅಂಗಡಿಯ ಫಲಕ ಮಾತ್ರ ಕಾಣುವುದಿಲ್ಲ.

ಅದಕ್ಕೆ ಕಾರಣ ಪಟ್ಟಣದ ಹುಟ್ಟಿನಲ್ಲೇ ಇದೆ. 1849ರಲ್ಲಿ ರೈಲು ಬಂದಾಗ ಇಲ್ಲಿನ ಬಹುಪಾಲು ಜಮೀನು ಕ್ಯಾವೆಂಡಿಶ್ ಮನೆತನದ ಕೈಯಲ್ಲಿತ್ತು. ಆ ಮನೆತನದ ವಿಲಿಯಂ, ಅಂದರೆ ಡೆವನ್‌ಶೈರಿನ ಏಳನೆಯ ಡ್ಯೂಕ್, ವಾಸ್ತುಶಿಲ್ಪಿ ಹೆನ್ರಿ ಕರಿಯಿಂದ ನಕ್ಷೆ ಹಾಕಿಸಿ ಊರನ್ನು ಬೆಳೆಸಿದ. ಕಡಲಿಗೆ ಮುಖಮಾಡಿದ ಬೀದಿಯನ್ನು ಹೋಟೆಲು ಮತ್ತು ಮನೆಗಳಿಗೆ ಮೀಸಲಿಟ್ಟು, ಅಂಗಡಿಗಳನ್ನು ಒಳಬೀದಿಗಳಿಗೆ ಕಳಿಸಲಾಯಿತು. ಅಲೆಗಳ ಹೊಡೆತ ತಡೆಯಲು ಕಟ್ಟಿದ ಗೋಡೆಗಳ ಮೇಲೆ ವಿಹಾರದ ಹಾದಿಗಳು ಅಂತಸ್ತು ಅಂತಸ್ತಾಗಿ ಸಾಗಿದವು. ಇಷ್ಟು ಶುಭ್ರವಾದ ಕಡಲ ಮುಖ ಇಂಗ್ಲೆಂಡಿನ ವಿಹಾರಪಟ್ಟಣಗಳಲ್ಲಿ ಅಪರೂಪ.

ಪಿಯರ್‌ಗೆ ಹತ್ತಿರವಿರುವ ‘ಕಾರ್ಪೆಟ್ ಗಾರ್ಡನ್ಸ್’ ಈ ಕಾರ್ಡುಗಳ ಜೀವಾಳ. ವಿಕ್ಟೋರಿಯಾ ಕಾಲದ ತೋಟಗಾರಿಕೆಯಲ್ಲಿ ಕುಳ್ಳ ಗಿಡಗಳನ್ನು ಒತ್ತೊತ್ತಾಗಿ ನೆಟ್ಟು ನೆಲದ ಮೇಲೆ ವಿನ್ಯಾಸ ಮೂಡಿಸುವ ಪದ್ಧತಿ ಬೆಳೆದಿತ್ತು. ಹೂವಿಗಿಂತ ಎಲೆಯ ಬಣ್ಣಕ್ಕೇ ಇದರಲ್ಲಿ ಹೆಚ್ಚು ಬೆಲೆ. ಗಾಜಿನಮನೆಯಲ್ಲಿ ಬೆಳೆಸಿದ ಸಸಿಗಳನ್ನು ಹಿಮದ ಭಯ ಕಳೆದ ಮೇಲೆ, ಬೇಸಿಗೆಯ ಹೊಸ್ತಿಲಲ್ಲಿ ಪಾತಿಗೆ ತರುತ್ತಾರೆ. ಗೆರೆ ಕೆಡದಂತೆ ಋತುವಿಡೀ ಚಿವುಟುತ್ತಿರಬೇಕು. ಕಾರ್ಡಿನಲ್ಲಿ ಹಾಯಾಗಿ ಕುಳಿತ ವಿಹಾರಿಗಳಷ್ಟೇ ಕಾಣುತ್ತಾರೆ. ಆ ನೋಟವನ್ನು ಕಟ್ಟಿಕೊಟ್ಟ ಮಾಲಿಗಳ ಶ್ರಮವನ್ನು ಪಾತಿಯ ಅಂಚಿನಲ್ಲೇ ಓದಿಕೊಳ್ಳಬೇಕು.

ಪಾತಿಗಳ ಬಣ್ಣವನ್ನು ಮಾತ್ರ ಪೂರ್ತಿ ನಂಬುವಂತಿಲ್ಲ. ಮೊದಲ ಮಹಾಯುದ್ಧಕ್ಕೆ ಮುಂಚಿನ ಬಣ್ಣದ ಕಾರ್ಡುಗಳ ಮೂಲ ಸಾಮಾನ್ಯವಾಗಿ ಕಪ್ಪು–ಬಿಳುಪು ಛಾಯಾಚಿತ್ರ. ಬಣ್ಣ ಕೂಡುತ್ತಿದ್ದುದು ಅಚ್ಚುಕೂಟದಲ್ಲಿ. ಬ್ರಿಟನ್ನಿನ ಎಷ್ಟೋ ಕಾರ್ಡುಗಳು ಆಗ ಅಚ್ಚಾಗುತ್ತಿದ್ದುದು ಜರ್ಮನಿಯಲ್ಲಿ. ಕಡಲನ್ನೂ ತೋಟವನ್ನೂ ಕಾಣದ ಕೆಲಸಗಾರ ಪಾತಿಗೆ ಕೆಂಪು, ಆಕಾಶಕ್ಕೆ ನೀಲಿ ತುಂಬುತ್ತಿದ್ದ. ಹಾಗಾಗಿ ಯಾವ ಹೂವಿತ್ತು ಎಂಬುದಕ್ಕೆ ಈ ಕಾರ್ಡುಗಳು ದುರ್ಬಲ ಸಾಕ್ಷಿ. ಪಾತಿಯ ಆಕಾರ, ಬೇಲಿ, ಬೆಂಚು, ದೀಪದ ಕಂಬಗಳ ವಿಷಯದಲ್ಲಿ ಅವು ಹೆಚ್ಚು ಭರವಸೆಯ ದಾಖಲೆ.

ಕಾಲ ಗುರುತಿಸಲು ಕಾರ್ಡಿನ ಬೆನ್ನು ನೆರವಾಗುತ್ತದೆ. ಬ್ರಿಟನ್ನಿನಲ್ಲಿ ಖಾಸಗಿ ಚಿತ್ರಕಾರ್ಡುಗಳಿಗೆ ಅಂಚೆ ಇಲಾಖೆ ಅನುಮತಿ ಕೊಟ್ಟದ್ದು 1894ರಲ್ಲಿ. ಮೊದಮೊದಲು ಬೆನ್ನಿಗೆ ವಿಳಾಸ ಮಾತ್ರ. ಒಕ್ಕಣೆಯನ್ನು ಚಿತ್ರದ ಬದಿಯ ಖಾಲಿ ಜಾಗದಲ್ಲಿ ತುರುಕಬೇಕಿತ್ತು. 1902ರಲ್ಲಿ ಬೆನ್ನನ್ನು ಎರಡು ಭಾಗ ಮಾಡಲು ಒಪ್ಪಿಗೆ ದೊರೆತ ಮೇಲೆ ಚಿತ್ರ ಮುಂಭಾಗವನ್ನು ಪೂರ್ತಿ ಆವರಿಸಿತು. ಕಡಲಂಚಿನಂಥ ಅಗಲದ ನೋಟಕ್ಕೆ ಇದರಿಂದ ಒಳ್ಳೆಯ ಲಾಭವಾಯಿತು. ಅರ್ಧ ಪೆನ್ನಿ ಇದ್ದ ಅಂಚೆ ದರ 1918ರಲ್ಲಿ ಒಂದು ಪೆನ್ನಿಗೆ ಏರಿತು. ಅಂಚೆಚೀಟಿಯೂ ಕಾಲದ ಸುಳಿವು ಕೊಡುತ್ತದೆ.

ಮುಂಭಾಗದಲ್ಲೂ ಗುರುತುಗಳಿವೆ. ಹಾದಿಯ ಪಕ್ಕ ಪಂಜರದಂಥ ದುಂಡನೆಯ ವಾದ್ಯಮಂಟಪವಿದ್ದರೆ ಆ ಚಿತ್ರ 1935ಕ್ಕಿಂತ ಹಿಂದಿನದು. ನೀಲಿ ಗುಮ್ಮಟದ ಈಗಿನ ಬ್ಯಾಂಡ್‌ಸ್ಟ್ಯಾಂಡ್ ಬಂದದ್ದು ಆ ವರ್ಷ. ಕಾರ್ಡುಗಳಲ್ಲಿ ಹಿಂದೆ ಕಾಣುವ, ಯೂಜೀನಿಯಸ್ ಬರ್ಚ್ ವಿನ್ಯಾಸದ ಪಿಯರ್ 1870ರಲ್ಲಿ ಜನರಿಗೆ ತೆರೆದು, 1872ರಲ್ಲಿ ಪೂರ್ಣಗೊಂಡಿತು. 1877ರ ಹೊಸವರ್ಷದ ದಿನ ಬಿರುಗಾಳಿ ಅದರ ದಡದ ಕಡೆಯ ಭಾಗವನ್ನು ಕೊಚ್ಚಿಕೊಂಡು ಹೋಯಿತು. ಆ ಭಾಗವನ್ನು ಮತ್ತೆ ಕಟ್ಟುವಾಗ ಎತ್ತರಿಸಿದ್ದರಿಂದ ನೆಲಗಟ್ಟು ಕಡಲ ಕಡೆಗೆ ಇಳಿಜಾರಾಯಿತು.

ಪಿಯರ್‌ನ ದಡದ ತುದಿಯಲ್ಲಿ 1925ರಲ್ಲಿ ಸಂಗೀತ ಮಂದಿರವೊಂದು ಎದ್ದಿತು. 2014ರ ಜುಲೈ 30ರ ಬೆಂಕಿಯಲ್ಲಿ ಅದು ನಾಶವಾಯಿತು. ತೋಟದ ಹಿನ್ನೆಲೆಯಲ್ಲಿ ಬರ್ಲಿಂಗ್ಟನ್ ಹೋಟೆಲಿನ ಜೊತೆಗೆ ಬೆಳ್ಳಗೆ ಕಾಣುತ್ತಿದ್ದ ಕ್ಲೇರ್‌ಮಾಂಟ್ ಹೋಟೆಲಿಗೆ 2019ರ ನವೆಂಬರಿನಲ್ಲಿ ಬೆಂಕಿ ಬಿತ್ತು, ಬಳಿಕ ಅದನ್ನು ಕೆಡವಲಾಯಿತು. ಈ ಎರಡು ಕಟ್ಟಡಗಳು ಎಲ್ಲಿ, ಹೇಗೆ ನಿಂತಿದ್ದವು, ತೋಟದಿಂದ ಎಷ್ಟು ದೂರವಿದ್ದವು ಎಂಬುದನ್ನು ನೋಡಲು ತೀರ ಸಾಧಾರಣವೆನಿಸುವ ಕಾರ್ಡುಗಳೂ ಈಗ ಉಪಯೋಗಕ್ಕೆ ಬರುತ್ತವೆ.