ಉಲಿ: ಗೆರೆಯೊಂದು ಪಾಠವಾದ ಬಗೆ

ವಿನ್ಯಾಸವನ್ನು ಕಲಿಸುವುದೆಂದರೆ ಬಟ್ಟೆ, ಪಾತ್ರೆ, ಗೋಡೆ, ಮನೆ ಮೊದಲಾದವುಗಳ ರೂಪವನ್ನು ಯೋಚಿಸುವ ಬಗೆಯನ್ನು ಕಲಿಸುವುದು. ಆಫ್ರಿಕದಲ್ಲಿ ವಸಾಹತು ಆಳ್ವಿಕೆಯ ಶಾಲೆಗಳು ಈ ಯೋಚನೆ ಯುರೋಪಿನಲ್ಲಷ್ಟೇ ಹುಟ್ಟಿತೆಂಬಂತೆ ಪಾಠ ಹೇಳಿದವು. ಪಠ್ಯದಲ್ಲಿದ್ದುದು ಕಲೆಯೆನಿಸಿತು, ವಿದ್ಯಾರ್ಥಿಯ ತಾಯಿ ಮನೆಯಲ್ಲಿ ಮಾಡುತ್ತಿದ್ದುದು ಬರಿಯ ಕೈಗೆಲಸವಾಗಿ ಉಳಿಯಿತು.

ನೈಜೀರಿಯದ ಜಾರಿಯಾ ಪಟ್ಟಣದ ಕಾಲೇಜಿನಲ್ಲಿ ಕೆಲವು ವಿದ್ಯಾರ್ಥಿಗಳು ಇದನ್ನು ಒಪ್ಪಲಿಲ್ಲ. ಉಚೆ ಒಕೆಕೆ, ಡೆಮಾಸ್ ನ್ವೋಕೊ, ಬ್ರೂಸ್ ಒನೊಬ್ರಕ್ಪೆಯ ಮೊದಲಾದವರು 1958ರಲ್ಲಿ ತಮ್ಮದೇ ಕಲಾಸಂಘವನ್ನು ಕಟ್ಟಿದರು. ನಾಡು ಸ್ವತಂತ್ರವಾದ 1960ರಲ್ಲಿ ಒಕೆಕೆ ‘ಸಹಜ ಸಮನ್ವಯ’ವೆಂಬ ತತ್ತ್ವವನ್ನು ಮುಂದಿಟ್ಟರು. ಹಳೆಯದರ ಕುರುಡು ಅನುಕರಣೆ ಸಲ್ಲದು, ಪರಕೀಯವಾದುದರ ಕುರುಡು ಅನುಕರಣೆಯೂ ಸಲ್ಲದು. ಎರಡರಿಂದಲೂ ತಕ್ಕುದನ್ನು ಆಯ್ದುಕೊಳ್ಳಬೇಕೆಂಬುದು ಅದರ ತಿರುಳು.

ಒಕೆಕೆಯವರಿಗೆ ಇದರ ದಾರಿ ದೊರೆತದ್ದು ಸ್ವಂತ ತಾಯಿಯಲ್ಲಿ. ಆಕೆ ‘ಉಲಿ’ ಬಲ್ಲವರು. ಕನ್ನಡದಲ್ಲಿ ಉಲಿ ಎಂದರೆ ದನಿ. ಇಗ್ಬೋ ನುಡಿಯಲ್ಲಿ ಅದು ಹೆಂಗಸರು ಮೈಯ ಮೇಲೆ, ಮಣ್ಣಿನ ಗೋಡೆಯ ಮೇಲೆ ಬರೆಯುವ ಚಿತ್ರ. ಮೈಗೆ ಗಿಡದ ಕಾಯಿಯ ರಸ. ಬರೆದಾಗ ಅದು ಕಣ್ಣಿಗೆ ಬೀಳುವುದೇ ಕಷ್ಟ. ಕೆಲವು ಗಂಟೆಗಳಲ್ಲಿ ಕಪ್ಪಾಗಿ, ವಾರದ ಹೊತ್ತಿಗೆ ನಮ್ಮ ಗೋರಂಟಿಯಂತೆ ಮಾಸುತ್ತದೆ. ಗೋಡೆಗೆ ಕೆಮ್ಮಣ್ಣು, ಬಿಳಿಮಣ್ಣು, ಇದ್ದಿಲು. ಮಳೆ ಬಂದರೆ ಅದೂ ತೊಳೆದುಹೋಗುತ್ತದೆ. ಸುತ್ತಿಕೊಂಡ ಹಾವು, ಕೋಲಾ ಬೀಜ, ಚಂದ್ರ—ಎಲ್ಲವೂ ನಾಲ್ಕಾರು ಗೆರೆಗಳಲ್ಲಿ. ಉಳಿದ ಜಾಗ ಬರಿದು. ಆದರೆ ಆ ಬರಿದೂ ಚಿತ್ರದ ಅಂಗವೇ. ಎಷ್ಟು ಬರೆಯಬೇಕೆಂಬುದಕ್ಕಿಂತ ಎಲ್ಲಿ ನಿಲ್ಲಿಸಬೇಕೆಂಬ ಅರಿವೇ ಇಲ್ಲಿಯ ಶಾಸ್ತ್ರ.

ಅಂತರ್ಯುದ್ಧ 1970ರಲ್ಲಿ ಮುಗಿದ ಬಳಿಕ ಒಕೆಕೆ ನ್ಸುಕಾದ ವಿಶ್ವವಿದ್ಯಾಲಯವನ್ನು ಸೇರಿ ಪಠ್ಯಕ್ರಮವನ್ನು ತಿದ್ದಿದರು. ಉಲಿ ಅಲ್ಲಿ ಅಧ್ಯಯನದ ವಿಷಯವಾಯಿತು. ಒಬಿಯೋರ ಉಡೆಚುಕ್ವು ಮೊದಲಾದವರು ಆ ಗೆರೆಯ ಮಿತವ್ಯಯವನ್ನು ಕಾಗದಕ್ಕೂ ಕ್ಯಾನ್ವಾಸಿಗೂ ತಂದರು. ಅತ್ತ ನ್ವೋಕೊ ಅದೇ ತತ್ತ್ವವನ್ನು ಕಟ್ಟಡಕ್ಕೆ ಒಯ್ದರು; ಸ್ಥಳದ ಕೆಮ್ಮಣ್ಣಿಗೆ ಸಿಮೆಂಟು ಬೆರೆಸಿ ಇಟ್ಟಿಗೆ ಮಾಡಿದರು. 2023ರಲ್ಲಿ ವೆನಿಸ್ಸಿನ ವಾಸ್ತುಶಿಲ್ಪ ಮೇಳ ಅವರಿಗೆ ಜೀವಮಾನದ ಸಾಧನೆಗಾಗಿ ಸುವರ್ಣ ಸಿಂಹವನ್ನಿತ್ತಿತು.

ಆದರೆ ಒಂದು ಮಾತು ಉಳಿಯುತ್ತದೆ. ವಿಶ್ವವಿದ್ಯಾಲಯದಲ್ಲಿ ಉಲಿಯಿಂದ ಹೆಸರು ಪಡೆದವರಲ್ಲಿ ಹೆಚ್ಚಿನವರು ಗಂಡಸರು. ಹಳ್ಳಿಗಳಲ್ಲಿಯಾದರೋ ಅದನ್ನು ಬರೆಯುವ ಹೆಂಗಸರು ವಿರಳವಾದರು. ದೇಶೀಯ ವಿದ್ಯೆಯನ್ನು ಪಠ್ಯದಲ್ಲಿ ಸೇರಿಸುವುದು ಅರ್ಧ ಕೆಲಸ. ಆ ವಿದ್ಯೆಯುಳ್ಳವಳನ್ನು ಗುರುಪೀಠದಲ್ಲಿ ಕೂರಿಸಿದಾಗಲೇ ವಸಾಹತಿನ ಶಾಲೆ ನಿಜವಾಗಿ ಬದಲಾದೀತು.