ಸೀಟು ಎತ್ತಿ, ಪೆಟ್ರೋಲ್ ಹಾಕಿ!

ಮೂಡಿಗೆರೆಯ ಪೆಟ್ರೋಲ್ ಬಂಕಿನ ಹುಡುಗ ಪೈಪು ಹಿಡಿದುಕೊಂಡು ಗಾಡಿಗೆ ಒಂದು ಸುತ್ತು ಬಂದ. ಟ್ಯಾಂಕಿನ ಮುಚ್ಚಳ ಕಾಣಲಿಲ್ಲ. ಇನ್ನೊಂದು ಸುತ್ತು ಬಂದ. ಎಡಕ್ಕೂ ಇಲ್ಲ, ಬಲಕ್ಕೂ ಇಲ್ಲ, ಹಿಂದೆಯೂ ಇಲ್ಲ!

ಎಲ್ಲಿದೆ, ಹೇಳಿ ನೋಡೋಣ?

ಬಾನೆಟ್ ಕೆಳಗೆ? ಅಲ್ಲ! ನಂಬರ್ ಪ್ಲೇಟಿನ ಹಿಂದೆ? ಅಲ್ಲವೇ ಅಲ್ಲ!

ಸ್ಟೇರಿಂಗ್ ಹಿಡಿದು ಕೂತಿದ್ದ ಗೌಡ್ರು ನಿಧಾನವಾಗಿ ಕೆಳಗಿಳಿದರು. ತಾವು ಕೂತಿದ್ದ ಸೀಟನ್ನೇ ಎತ್ತಿದರು. "ಇಲ್ಲಿಗೆ ಹಾಕು ಮಾರಾಯ" ಅಂದರು.

ಹೌದು! ಡ್ರೈವರ್ ಕೂರುವುದೇ ಟ್ಯಾಂಕಿನ ಮೇಲೆ! ಯುದ್ಧಕ್ಕೆಂದೇ ಹುಟ್ಟಿದ ಜೀಪು ಇದು. ಸುತ್ತಮುತ್ತ ಗುಂಡು ಹಾರುತ್ತಿರುತ್ತದೆ. ಕುಂಡಿಯ ಕೆಳಗೆ 57 ಲೀಟರ್ ಪೆಟ್ರೋಲ್!

ನಾನೂ ಒಬ್ಬ ಜೀಪಿನ ಯಜಮಾನನೇ. ಎಂಟು ತಿಂಗಳ ಹಿಂದೆ ಹಳೆಯದೊಂದು ಡೀಸೆಲ್ ಫೋರ್‌ವೀಲ್ ಜೀಪು ಕೊಂಡೆ. ಮನೆಯಲ್ಲಿ ಮೂರು ದಿನ ಯಾರೂ ನನ್ನ ಹತ್ತಿರ ಮಾತಾಡಲಿಲ್ಲ, ಅದು ಬೇರೆ ಕತೆ. "ಇದರ ಅಜ್ಜನನ್ನ ನೋಡ್ಬೇಕು ಅಂದ್ರೆ ಗೌಡ್ರ ತೋಟಕ್ಕೆ ಹೋಗಿ ಸಾರ್" ಅಂದ ಮೆಕ್ಯಾನಿಕ್. ಹೋದೆ. ಹೋಗಿ ಪೂರ್ತಿ ಹುಚ್ಚು ಹತ್ತಿಸಿಕೊಂಡು ಬಂದೆ!

ಕಾಫಿ ಕಣದ ಪಕ್ಕದ ಶೆಡ್ಡು. ಗೋಣಿಚೀಲಗಳ ಮರೆಯಲ್ಲಿ ಗಿಡ್ಡ ಮೈಯ, ಚಪ್ಪಟೆ ಮೂತಿಯ, ಹಸಿರು ಬಣ್ಣದ ಗಾಡಿ. ಎಡಗಡೆ ಸ್ಟೇರಿಂಗ್. ಮಹಾಯುದ್ಧ ಮುಗಿದ ಮೇಲೆ ಅಮೆರಿಕದ ಸೈನ್ಯ ಬಿಟ್ಟುಹೋದ ಸರಕಿನ ಡಿಸ್ಪೋಸಲ್‌ನಲ್ಲಿ ಗೌಡ್ರ ತಂದೆ ಕೊಂಡದ್ದು. ಗೌಡ್ರಿಗೆ ಎಪ್ಪತ್ತನಾಲ್ಕು. ಜೀಪು ಅವರಿಗಿಂತ ಹಿರಿಯ!

"ನಮ್ಮ ವಿಲ್ಲೀಸು" ಎಂದು ಬಾನೆಟ್ ತಟ್ಟಿದರು. ಎತ್ತಿನ ಬೆನ್ನು ತಟ್ಟಿದ ಹಾಗೆ.

"ಕೀ ಕೊಡಿ ಗೌಡ್ರೇ, ಸ್ಟಾರ್ಟ್ ಮಾಡ್ತೀನಿ" ಅಂದೆ.

ಜೋರಾಗಿ ನಕ್ಕರು. ಕೀ ಎಲ್ಲಿಂದ ಬರಬೇಕು? ಈ ಜೀಪಿಗೆ ಕೀಲಿಯೇ ಇಲ್ಲ! ಗುಂಡು ಬೀಳುವ ಹೊತ್ತಿನಲ್ಲಿ ಸೈನಿಕ ಜೇಬು ತಡಕುತ್ತಾ ನಿಲ್ಲುವುದುಂಟೇ? ಒಂದು ಸ್ವಿಚ್ಚು ತಿರುಗಿಸಬೇಕು. ಆಮೇಲೆ ಕಾಲಿನಿಂದ ನೆಲದ ಗುಬುಟು ಒತ್ತಬೇಕು. ಹೌದು, ಸ್ಟಾರ್ಟರ್ ಇರುವುದು ಕಾಲಬುಡದಲ್ಲಿ!

ಇನ್ನು ಗೇರ್ ಕೋಲು. ಎಷ್ಟಿರಬಹುದು? ಒಂದೇ? ಮೂರು! ಒಂದು ಗೇರಿಗೆ. ಒಂದು ಮುಂದಿನ ಚಕ್ರಗಳಿಗೂ ಬಲ ಕೊಡುವುದಕ್ಕೆ. ಇನ್ನೊಂದು 'ಲೋ'ಗೆ. ಲೋ ಹಾಕಿದರೆ ಓಟ ಅರ್ಧ, ಎಳೆಯುವ ಬಲ ದುಪ್ಪಟ್ಟು! ನನ್ನ ಜೀಪಿನಲ್ಲಿ ಆ ಹೆಚ್ಚುವರಿ ಕೋಲು ಕಂಡು ಬೈಗುಳ ಸುರಿಸಿದ್ದೆ. ಅದರ ಮೂಲಪುರುಷ ಇಲ್ಲಿ ಕೂತಿದ್ದಾನೆ!

ಈಗ ಗಟ್ಟಿಯಾಗಿ ಕೂತುಕೊಳ್ಳಿ. ಇದು ಹುಟ್ಟಿದ ಕತೆ ಕೇಳಿ.

1940ರ ಬೇಸಿಗೆ. ಯುರೋಪಿನಲ್ಲಿ ಹಿಟ್ಲರನ ಸೈನ್ಯ ನುಗ್ಗುತ್ತಿದೆ. ಅಮೆರಿಕದ ಸೈನ್ಯಕ್ಕೆ ಹಗುರವಾದ, ನಾಲ್ಕೂ ಚಕ್ರ ಎಳೆಯುವ ಪುಟ್ಟ ಗಾಡಿ ಬೇಕು. 135 ಕಂಪನಿಗಳಿಗೆ ಪತ್ರ ಹೋಯಿತು. ಎಷ್ಟು ಕಂಪನಿಗಳು ಮುಂದೆ ಬಂದವು? ನೂರು? ಐವತ್ತು?

ಎರಡು! ಬರೀ ಎರಡು!

ಯಾಕೆ ಗೊತ್ತೇ? ಸೈನ್ಯ ಕೇಳಿದ ತೂಕ 590 ಕಿಲೋ. ಫೋರ್‌ವೀಲ್ ಗಾಡಿ ಅಷ್ಟು ಹಗುರಾಗಲು ಸಾಧ್ಯವೇ ಇಲ್ಲ! ಅದು ಸಾಲದು ಎಂಬಂತೆ ಗಡುವು ಬೇರೆ. ಮೊದಲ ಮಾದರಿ ಗಾಡಿ ಓಡಿಸಿ ತೋರಿಸಲು ಎಷ್ಟು ದಿನ ಕೊಟ್ಟರು? ಒಂದು ವರ್ಷ ಅಂದಿರಾ? ಆರು ತಿಂಗಳು?

49 ದಿನ!

ಆ ಎರಡರಲ್ಲೊಂದು ಬ್ಯಾಂಟಮ್ ಎಂಬ ಪುಟ್ಟ ಕಂಪನಿ. ಆಗಲೇ ದಿವಾಳಿಯ ಅಂಚಿನಲ್ಲಿತ್ತು. ಅದಕ್ಕೆ ಎಂಜಿನಿಯರ್ ಕೂಡ ಇರಲಿಲ್ಲ. ಡೆಟ್ರಾಯಿಟ್‌ನ ಕಾರ್ಲ್ ಪ್ರಾಬ್‌ಸ್ಟ್ ಎಂಬಾತನನ್ನು ಕರೆದರು. ಸಂಬಳ? ಆರ್ಡರ್ ಸಿಕ್ಕರೆ ಮಾತ್ರ! ಆದರೂ ಆತ ಬಂದ. ಜುಲೈ 17ಕ್ಕೆ ಕೆಲಸಕ್ಕೆ ಕೂತ. ನಕ್ಷೆ ಮುಗಿಸಲು ಎಷ್ಟು ಹೊತ್ತು ಹಿಡಿಯಿತು, ಊಹಿಸಿ. ಸುಮಾರು ಎರಡು ದಿನ! 22ಕ್ಕೆ ಟೆಂಡರ್ ಸೈನ್ಯದ ಮೇಜಿನ ಮೇಲೆ!

ಎರಡು ದಿನ. ನಮ್ಮ ಮನೆಯ ಅಟ್ಟಕ್ಕೆ ಮೆಟ್ಟಿಲು ಎಲ್ಲಿಂದ ಏರಿಸಬೇಕು ಎಂಬ ತಕರಾರು ಎರಡು ವರ್ಷದಿಂದ ನಡೆಯುತ್ತಿದೆ!

ಸೆಪ್ಟೆಂಬರ್ 23. ಗಡುವಿನ ಕೊನೆಯ ದಿನ. ಸಂಜೆ 5ರೊಳಗೆ ಗಾಡಿ ಮೇರಿಲ್ಯಾಂಡ್‌ನ ಹೋಲಾಬರ್ಡ್ ಶಿಬಿರದ ಗೇಟು ದಾಟಬೇಕು. ಲಾರಿಯಲ್ಲಿ ಹೇರಿ ತರುವಷ್ಟು ವ್ಯವಧಾನ ಎಲ್ಲಿದೆ? ಪ್ರಾಬ್‌ಸ್ಟ್ ತಾನೇ ಜೊತೆಗೊಬ್ಬನನ್ನು ಕೂರಿಸಿಕೊಂಡು ಪೆನ್ಸಿಲ್ವೇನಿಯಾದ ಬಟ್ಲರ್ ಊರಿನಿಂದ ಹೊರಟ. ಹೊಸ ಎಂಜಿನ್. ಮೊದಮೊದಲು ಜೋರಾಗಿ ಓಡಿಸುವಂತಿಲ್ಲ. ಗಡಿಯಾರ ಓಡುತ್ತಿದೆ. ಆಮೇಲೆ ಬಿಟ್ಟ ನೋಡಿ, ಬೆಟ್ಟ ಹತ್ತಿ ಇಳಿದು!

ತಲುಪಿದಾಗ ಗಡುವಿಗೆ ಉಳಿದದ್ದು ಅರ್ಧ ಗಂಟೆ!

ಸೈನ್ಯದವರು ಅದನ್ನು ಗುಡ್ಡ ಹತ್ತಿಸಿದರು, ಗುಂಡಿಗಿಳಿಸಿದರು, ಹಣ್ಣುಗಾಯಿ ನೀರುಗಾಯಿ ಮಾಡಿದರು. ಒಪ್ಪಿದರು. ಬ್ಯಾಂಟಮ್ ಗೆದ್ದಿತು!

ಗೆದ್ದಿತೇ? ಹೊಟ್ಟೆ ಉರಿಯುವ ಭಾಗ ಇಲ್ಲಿದೆ. ಸೈನ್ಯಕ್ಕೆ ಬೇಕಾದದ್ದು ಲಕ್ಷಗಟ್ಟಲೆ ಗಾಡಿ. ಅಷ್ಟು ಮಾಡುವ ತಾಕತ್ತು ಈ ಪುಟ್ಟ ಕಂಪನಿಗಿಲ್ಲ ಎಂದು ದೊಡ್ಡ ಆರ್ಡರ್ ವಿಲ್ಲೀಸ್ ಮತ್ತು ಫೋರ್ಡ್ ಪಾಲಾಯಿತು. ಯುದ್ಧ ಮುಗಿಯುವ ಹೊತ್ತಿಗೆ ಅವೆರಡೂ ಸೇರಿ ಮಾಡಿದ್ದು ಸುಮಾರು 6 ಲಕ್ಷ 40 ಸಾವಿರ ಜೀಪು. ಬ್ಯಾಂಟಮ್ ಮಾಡಿದ್ದು ಮೂರು ಸಾವಿರಕ್ಕೂ ಕಡಿಮೆ! ಹೆತ್ತವಳು ಬಾಗಿಲ ಹೊರಗೆ. ಕೊನೆಗೆ ಅವರಿಗೆ ದಕ್ಕಿದ ಕೆಲಸ, ಜೀಪಿನ ಹಿಂದೆ ಕಟ್ಟುವ ಟ್ರೇಲರ್ ಮಾಡುವುದು!

ಆ ಅಸಾಧ್ಯ ತೂಕ ಏನಾಯಿತು? ಯಾರಿಂದಲೂ ಆಗಲಿಲ್ಲ. ಸೈನ್ಯವೇ ಮಿತಿಯನ್ನು 980 ಕಿಲೋದ ಆಸುಪಾಸಿಗೆ ಏರಿಸಿತು. ಆಗಲೂ ವಿಲ್ಲೀಸ್‌ನ ಗಾಡಿ ದಪ್ಪವೇ! ಅವರ ಎಂಜಿನ್ ಭಾರದ್ದು, ಆದರೆ 60 ಕುದುರೆಶಕ್ತಿಯದು, ಅದನ್ನು ಬಿಡಲು ಮನಸ್ಸಿಲ್ಲ. ಗಾಡಿ ಪೂರ್ತಿ ಬಿಚ್ಚಿದರು. ಉದ್ದವಿದ್ದ ಬೋಲ್ಟುಗಳ ತುದಿ ಕತ್ತರಿಸಿದರು. ಬಣ್ಣದ ತೂಕವನ್ನೂ ಲೆಕ್ಕ ಹಾಕಿ ಒಂದೇ ಪದರ ಬಳಿದರು ಎಂಬ ಕತೆಯಿದೆ. ಬಣ್ಣದ ತೂಕ!

"ಹತ್ತಿ" ಅಂದರು ಗೌಡ್ರು.

ಹತ್ತಿದೆ. ಬಾಗಿಲಿಲ್ಲವಲ್ಲ, ಹತ್ತುವುದೆಂದರೆ ಸುಮ್ಮನೆ ಒಳಕ್ಕೆ ಬೀಳುವುದು. ಎಂಜಿನ್ ಗುರ್ ಅಂದಿತು. ಮಳೆ ನಿಂತು ಒಂದು ಗಂಟೆಯೂ ಆಗಿರಲಿಲ್ಲ. ತೋಟದ ದಾರಿ ಎಂದರೆ ಕೆಂಪು ಗಾರೆ. ಒಂದು ಕಡೆ ಗುಡ್ಡ, ಇನ್ನೊಂದು ಕಡೆ ಹಳ್ಳ.

ಗೌಡ್ರು ಮೊದಲ ಗೇರು ಹಾಕುವ ಮುನ್ನ ಗಾಡಿಯನ್ನು ಪೂರ್ತಿ ನಿಲ್ಲಿಸಿದರು. ಇಲ್ಲದಿದ್ದರೆ ಹಲ್ಲು ಕಡಿಯುತ್ತದಂತೆ. ಗೌಡ್ರದಲ್ಲ, ಗೇರಿನದು! ಎರಡು ಕೋಲು ಎಳೆದರು. ಕಾಲು ತೆಗೆದರು.

ಹತ್ತಿತು! ಜಾರಲಿಲ್ಲ, ಅವಸರ ಮಾಡಲಿಲ್ಲ. ಗಬ್ಬದ ಎಮ್ಮೆ ಕೆರೆಯಿಂದ ಎದ್ದು ಬರುವ ಗತ್ತಿನಲ್ಲಿ ಒಂದೊಂದೇ ಹೆಜ್ಜೆ! ನನ್ನ ಹಲ್ಲು ಮಾತ್ರ ನಿಜವಾಗಿ ಕಡಿಯುತ್ತಿತ್ತು.

"ಕೆಸರಲ್ಲಿ ಹೂತ್ಕೊಂಡ್ರೆ?" ಅಂದೆ.

"ಪಕ್ಕದಲ್ಲಿ ಹಿಡಿ ಇದ್ಯಲ್ಲ, ಎತ್ತೋದು!"

ಮೈಯ ಪಕ್ಕಕ್ಕೆ ಕಬ್ಬಿಣದ ಹಿಡಿಕೆ! ಪ್ರಯಾಣಿಕರು ಹಿಡಿದುಕೊಳ್ಳಲು ಅಂದುಕೊಂಡಿದ್ದೆ. ಅಲ್ಲ! ಸೈನಿಕರು ಗಾಡಿಯನ್ನು ಕೈಯಾರೆ ಎತ್ತಿ ಕೆಸರಿನಿಂದ ಹೊರಗಿಡಲು! ಎಡಪಕ್ಕದಲ್ಲಿ ಸಲಿಕೆ, ಕೊಡಲಿ ಕಟ್ಟುವ ಜಾಗ. ಮುಂದಿನ ಗಾಜು ಮಡಚಿ ಬಾನೆಟ್ ಮೇಲೆ ಮಲಗಿಸಬಹುದು. ನೆಲದಲ್ಲಿ ನೀರು ಇಳಿಯಲು ತೂತು, ಅದಕ್ಕೊಂದು ಮುಚ್ಚಳ. ಒಳಗೆ ಪೈಪು ಬಿಟ್ಟು ತೊಳೆಯಿರಿ, ಕೊಟ್ಟಿಗೆ ತೊಳೆದ ಹಾಗೆ! ವೈಪರ್? ಕೈಯಲ್ಲೇ ತಿರುಗಿಸಬೇಕು! ಮಲೆನಾಡಿನ ಮಳೆಯಲ್ಲಿ ಒಂದು ಕೈ ಸ್ಟೇರಿಂಗಿಗೆ, ಒಂದು ಕೈ ವೈಪರಿಗೆ. ಗೇರಿಗೆ ಯಾವ ಕೈ ಎಂದು ನಾನು ಕೇಳಲಿಲ್ಲ.

ಹಿಂಬದಿಗೆ ಕಟ್ಟಿದ್ದ ಡಬ್ಬಿ ನೋಡಿ. ಜೆರ್ರಿ ಕ್ಯಾನ್. 'ಜೆರ್ರಿ' ಯಾರು? ಬ್ರಿಟಿಷ್ ಸೈನಿಕರು ಜರ್ಮನರನ್ನು ಕರೆಯುತ್ತಿದ್ದ ಹೆಸರು! ಡಬ್ಬಿ ಶತ್ರುವಿನದು. ಕಂಡರು, ಮೆಚ್ಚಿದರು, ನಕಲು ಹೊಡೆದರು! ಅದರ ಮೇಲೆ ಒಂದಲ್ಲ, ಮೂರು ಹಿಡಿ. ಯಾಕೆ? ತುಂಬಿದ ಡಬ್ಬಿಯನ್ನು ಇಬ್ಬರು ಆಚೀಚೆ ಹಿಡಿದು ಒಯ್ಯಬಹುದು. ಖಾಲಿ ಡಬ್ಬಿಗಳಾದರೆ ಒಬ್ಬನೇ ಒಂದೊಂದು ಕೈಯಲ್ಲಿ ಎರಡೆರಡು! ಗೌಡ್ರ ಮನೆಯಲ್ಲಿ ಈಗ ಅದರಲ್ಲಿರುವುದು ಔಷಧಿ ಹೊಡೆಯುವ ಮೆಷಿನ್ನಿನ ಪೆಟ್ರೋಲು.

ಜೀಪು ಅನ್ನುವ ಹೆಸರು ಎಲ್ಲಿಂದ ಬಂತು? 'ಜಿಪಿ' ಎಂದರೆ ಜನರಲ್ ಪರ್ಪಸ್, ಅದೇ ಸವೆದು ಜೀಪ್ ಆಯಿತು ಅಂತೀರಾ? ನಾನೂ ಹಾಗೇ ಅಂದುಕೊಂಡಿದ್ದೆ. ಆದರೆ ಫೋರ್ಡ್‌ನ ಸಂಕೇತದಲ್ಲಿ 'ಜಿ' ಅಂದರೆ ಸರ್ಕಾರಿ, 'ಪಿ' ಅಂದರೆ 80 ಇಂಚಿನ ಚಕ್ರಾಂತರ, ಅಷ್ಟೇ! ಇನ್ನೊಂದು ವಾದ ಇದಕ್ಕಿಂತ ಸೊಗಸು. 1936ರಲ್ಲಿ ಪಾಪಾಯ್ ಚಿತ್ರಕತೆಯೊಳಗೆ ಒಂದು ಮಾಯಾ ಪ್ರಾಣಿ ಬಂತು. ಎಲ್ಲಿ ಬೇಕಾದರೂ ನುಗ್ಗುತ್ತದೆ, ಯಾವ ಕಷ್ಟದಿಂದಲೂ ಪಾರಾಗುತ್ತದೆ. ಅದರ ಹೆಸರು ಯೂಜೀನ್ ದ ಜೀಪ್! 1941ರಲ್ಲಿ ವಿಲ್ಲೀಸ್‌ನ ಚಾಲಕನೊಬ್ಬ ವಾಷಿಂಗ್ಟನ್‌ನ ಸಂಸತ್ ಭವನದ ಮೆಟ್ಟಿಲುಗಳನ್ನೇ ಈ ಗಾಡಿಯಲ್ಲಿ ಹತ್ತಿದ. ಇದೇನೆಂದು ಕೇಳಿದ್ದಕ್ಕೆ ಜೀಪ್ ಅಂದ. ಪತ್ರಿಕೆಯಲ್ಲಿ ಅಚ್ಚಾಯಿತು. ಹೆಸರು ಅಂಟಿಕೊಂಡಿತು! ಪ್ರಾಣಿಯದೇ ಸರಿ ಎಂದು ನನ್ನ ಪಕ್ಷಪಾತ.

ಇನ್ನೊಂದು ಒಗಟು. ಓಡುತ್ತಿರುವ ಜೀಪನ್ನು ನಿಲ್ಲಿಸಿ, ಬಿಚ್ಚಿ, ಮತ್ತೆ ಜೋಡಿಸಿ ಓಡಿಸಲು ಎಷ್ಟು ಹೊತ್ತು ಬೇಕು? ನಮ್ಮ ಗ್ಯಾರೇಜಿನಲ್ಲಾದರೆ "ಸೋಮವಾರ ಬನ್ನಿ ಸಾರ್." ಕೆನಡಾದ ಸೈನಿಕರು ಪ್ರದರ್ಶನಗಳಲ್ಲಿ ಇದನ್ನು ಮಾಡಿ ತೋರಿಸಿದ್ದು ನಾಲ್ಕು ನಿಮಿಷದೊಳಗೆ! ನಾಲ್ಕು ನಿಮಿಷ! ಕಾಫಿ ಆರುವುದಿಲ್ಲ!

ನಮ್ಮ ದೇಶಕ್ಕೆ ಬನ್ನಿ. ಜೀಪು ಎಂದರೆ ಮಹೀಂದ್ರಾ. ಆ ಕಂಪನಿಯ ಹೆಸರಿನಲ್ಲಿ ಎರಡು 'ಎಂ'. 1945ರಲ್ಲಿ ಅದು ಶುರುವಾದಾಗ ಎರಡನೆಯ 'ಎಂ' ಯಾರು, ಗೊತ್ತೇ? ಮಹೀಂದ್ರಾ ಅಲ್ಲ, ಮೊಹಮ್ಮದ್! ಗುಲಾಂ ಮೊಹಮ್ಮದ್. ದೇಶ ಒಡೆದಾಗ ಅವರು ಆ ಕಡೆ ಹೋಗಿ ಪಾಕಿಸ್ತಾನದ ಮೊದಲ ಹಣಕಾಸು ಮಂತ್ರಿಯಾದರು! 1948ರಲ್ಲಿ ಹೆಸರು ಬದಲಾಯಿತು, ಅಕ್ಷರ ಮಾತ್ರ ಹಾಗೇ ಉಳಿಯಿತು. ಅದೇ ಸುಮಾರಿಗೆ ಮುಂಬೈಯಲ್ಲಿ ವಿಲ್ಲೀಸ್ ಜೀಪುಗಳ ಜೋಡಣೆ ಶುರು. ಎಪ್ಪತ್ತು ವರ್ಷ ಕಳೆದ ಮೇಲೆ ಇದೇ ಬಳ್ಳಿಯ ಕುಡಿ, ಮಹೀಂದ್ರಾದ ರಾಕ್ಸರ್ ಎಂಬ ಗಾಡಿ ಅಮೆರಿಕಕ್ಕೆ ಹೋದರೆ, 2018ರಲ್ಲಿ ಅಲ್ಲಿ ಜೀಪ್ ಹೆಸರಿನ ಒಡೆತನವಿದ್ದ ಫಿಯೆಟ್ ಕ್ರೈಸ್ಲರ್ ದೂರು ಹಾಕಿತು. ಏನಂತ? ಇವನ ಮುಖ ನಮ್ಮ ಮನೆಯವರ ಹಾಗಿದೆ! ಮೊಮ್ಮಗ ಅಜ್ಜನ ಹಾಗಿದ್ದದ್ದೇ ತಪ್ಪಾಗಿ, ರಾಕ್ಸರ್ ಮುಖ ಬದಲಿಸಿಕೊಳ್ಳಬೇಕಾಯಿತು!

ಕತ್ತಲಾಗುತ್ತಿತ್ತು. ಶೆಡ್ಡಿಗೆ ವಾಪಸ್ ಬಂದೆವು. ಕರೆಂಟ್ ಇರಲಿಲ್ಲ, ಮಲೆನಾಡಿನ ಮಳೆಗಾಲದಲ್ಲಿ ಅದೇನು ಸುದ್ದಿಯಲ್ಲ.

"ಎಂಜಿನ್ ತೋರಿಸ್ತೀನಿ ಬನ್ನಿ" ಅಂದರು ಗೌಡ್ರು. ನಾನು ಮೊಬೈಲಿನ ಟಾರ್ಚ್ ಹುಡುಕಿದೆ.

"ಅದೆಲ್ಲ ಯಾಕೆ?"

ಬಾನೆಟ್ ಎತ್ತಿದರು. ಹೆಡ್‌ಲೈಟಿನ ಹಿಂದೆ ಕೈ ಹಾಕಿ ಚಿಟ್ಟೆ ನಟ್ಟು ಸಡಿಲಿಸಿದರು. ಆಮೇಲೆ ಹೆಡ್‌ಲೈಟನ್ನು ಹಿಡಿದು... ತಿರುಗಿಸಿಬಿಟ್ಟರು! ರಸ್ತೆ ನೋಡುತ್ತಿದ್ದ ದೀಪ ಮಗುಚಿ ಎಂಜಿನ್ ನೋಡತೊಡಗಿತು! ಜಗ್ಗನೆ ಬೆಳಕು! ರಾತ್ರಿ ರಿಪೇರಿಗೆ ಟಾರ್ಚ್ ಹಿಡಿಯುವವನು ಬೇಡ, ಗಾಡಿಯೇ ತನ್ನ ಹೊಟ್ಟೆಗೆ ತಾನೇ ದೀಪ ಹಿಡಿಯುತ್ತದೆ! ಇಂದಿನ ಯಾವ ಐಷಾರಾಮಿ ಗಾಡಿಯಲ್ಲಿದೆ ಇದು, ಹೇಳಿ!

ನಾನು ಬಾಯಿ ತೆರೆದು ನಿಂತಿದ್ದೆ. ಆಗಲೇ ಆ ಬೆಳಕಿನಲ್ಲಿ ರೇಡಿಯೇಟರ್ ಮುಂದಿನ ಅಡ್ಡಪಟ್ಟಿ ಕಣ್ಣಿಗೆ ಬಿತ್ತು. ಎದೆ ಧಸಕ್ಕೆಂದಿತು.

ವಿಲ್ಲೀಸ್, ಫೋರ್ಡ್ ಎರಡೂ ಕಂಪನಿಗಳ ಜೀಪು ನೋಡಲು ಅವಳಿ ಜವಳಿ. ಆದರೆ ಆ ಅಡ್ಡಪಟ್ಟಿ ದುಂಡನೆ ಕೊಳವೆಯಾಗಿದ್ದರೆ ವಿಲ್ಲೀಸ್. ಚೌಕವಾಗಿದ್ದರೆ?

ಇದು ಚೌಕವಾಗಿತ್ತು!

ಇನ್ನೊಂದು ಗುರುತು ಉಂಟು. ಫೋರ್ಡ್‌ನವರು ತಮ್ಮ ಬಿಡಿಭಾಗಗಳ ಮೇಲೆಲ್ಲ ತಮ್ಮ ಅಕ್ಷರ ಒತ್ತುತ್ತಿದ್ದರು. ಬೋಲ್ಟಿನ ತಲೆಯನ್ನೂ ಬಿಡದೆ! ಹೆಬ್ಬೆರಳಿಗೆ ಒಂದಿಷ್ಟು ಸೀಮೆಎಣ್ಣೆ ಹಚ್ಚಿಕೊಂಡೆ. ಒಂದು ಬೋಲ್ಟಿನ ಎಂಬತ್ತು ವರ್ಷದ ಜಿಡ್ಡು ಉಜ್ಜಿದೆ. ಕರಿ ಹೋಯಿತು, ತುಕ್ಕು ಹೋಯಿತು, ಲೋಹ ಮಿನುಗಿತು.

'ಎಫ್'!

ಗೌಡ್ರು ಕನ್ನಡಕ ಒರೆಸಿಕೊಂಡು ಬಗ್ಗಿದರು. ಬಹಳ ಹೊತ್ತು ಬಗ್ಗಿಯೇ ಇದ್ದರು.

"ಎಂಥದು ಮಾರಾಯ್ರೆ! ಅಪ್ಪಯ್ಯನ ಕಾಲದಿಂದ ವಿಲ್ಲೀಸು ಅಂತಿದ್ದೇವಲ್ಲ!"

ಇನ್ನೊಂದು ಬೋಲ್ಟು ಉಜ್ಜಿದೆ. 'ಎಫ್'. ಇನ್ನೊಂದು. 'ಎಫ್'!

ಗೌಡ್ರು ಮನೆಯ ಕಡೆ ಒಮ್ಮೆ ನೋಡಿ ದನಿ ತಗ್ಗಿಸಿದರು. "ನಮ್ಮ ಮನೆಯವಳ ಹತ್ರ ಹೇಳ್ಬೇಡಿ. ವಿಲ್ಲೀಸ್ ಜೀಪಿನ ಮನೆ ಅಂತ ಹೇಳಿಯೇ ಅವರಪ್ಪ ಹೆಣ್ಣು ಕೊಟ್ಟಿದ್ದು!"