ಹೊಕ್ಕುಳಬಳ್ಳಿ ಹೇಳಿದ ಸತ್ಯ

ಮಕ್ಕಳೇ, ಥರ್ಮಾಮೀಟರ್ ಒಡೆದಾಗ ಪಾದರಸ ನೆಲದ ಮೇಲೆ ಬೆಳ್ಳಿ ಮಣಿಗಳ ಹಾಗೆ ಓಡೋದನ್ನ ನೋಡಿದ್ದೀರಾ? ಕೈಯಲ್ಲಿ ಹಿಡಿದು ಆಡಬೇಕು ಅನ್ಸುತ್ತೆ, ಅಲ್ವಾ? ಚಿಕ್ಕಂದಿನಲ್ಲಿ ನಾನೂ ಆಡಿದ್ದೆ. ಅದು ತಪ್ಪು ಅಂತ ಗೊತ್ತಾಗಿದ್ದು ಬಿ.ಎಸ್ಸಿ. ಓದುವಾಗ.

ಪಾದರಸವು ಕೋಣೆಯ ಉಷ್ಣತೆಯಲ್ಲೇ ಆವಿಯಾಗುತ್ತದೆ. ಆ ಆವಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಕೆರೆ, ಸಮುದ್ರ ಸೇರಿದ ಪಾದರಸವನ್ನು ಬ್ಯಾಕ್ಟೀರಿಯಾಗಳು ಮೀಥೈಲ್ ಪಾದರಸವಾಗಿ ಬದಲಿಸುತ್ತವೆ. ಅದು ಸಣ್ಣ ಮೀನಿನಿಂದ ದೊಡ್ಡ ಮೀನಿಗೆ ಹೆಚ್ಚುತ್ತಾ ಹೋಗುತ್ತದೆ.

ಜಪಾನಿನ ಮಿನಮಾಟದಲ್ಲಿ ಚಿಸ್ಸೋ ಕಾರ್ಖಾನೆ ಈ ವಿಷವನ್ನೇ ಸಮುದ್ರಕ್ಕೆ ಬಿಟ್ಟಿತು. 1956ರಲ್ಲಿ ರೋಗ ಬೆಳಕಿಗೆ ಬಂತು. ಅಷ್ಟೇನೂ ಕಾಯಿಲೆ ಕಾಣದ ತಾಯಂದಿರಿಗೂ ನಡೆಯಲು, ಮಾತಾಡಲು ಆಗದ ಮಕ್ಕಳು ಹುಟ್ಟಿದರು. ಜರಾಯು, ಅಂದರೆ ಮಾಸು, ವಿಷವನ್ನು ತಡೆಯುತ್ತದೆ ಎಂದೇ ಆಗಿನ ವೈದ್ಯರು ನಂಬಿದ್ದರು. ಆದರೆ ಅಲ್ಲಿನ ಮನೆಗಳಲ್ಲಿ ಮಗುವಿನ ಹೊಕ್ಕುಳಬಳ್ಳಿಯನ್ನು ಒಣಗಿಸಿ ಜೋಪಾನವಾಗಿಡುವ ಪದ್ಧತಿ ಇತ್ತು. ಡಾ. ಮಸಾಜುಮಿ ಹರಾದಾ ಅವುಗಳನ್ನು ಸಂಗ್ರಹಿಸಿದರು. ಪರೀಕ್ಷಿಸಿದಾಗ ಮೀಥೈಲ್ ಪಾದರಸ ಸಿಕ್ಕಿತು! ತಾಯಿಯ ಹೊಟ್ಟೆಯಲ್ಲೇ ಮಗುವಿಗೆ ವಿಷ ತಲುಪಿತ್ತು.

ಕಡಿಮೆ ಪ್ರಮಾಣವಾದರೆ? ಫೇರೋ ದ್ವೀಪಗಳಲ್ಲಿ 1986–87ರಲ್ಲಿ ಹುಟ್ಟಿದ ಸುಮಾರು 1,000 ಮಕ್ಕಳನ್ನು ಅಧ್ಯಯನಕ್ಕೆ ತೆಗೆದುಕೊಂಡರು. ಅಲ್ಲಿಯವರು ತಿಮಿಂಗಿಲದ ಮಾಂಸ ತಿನ್ನುತ್ತಾರೆ. ಹೊಕ್ಕುಳಬಳ್ಳಿಯ ರಕ್ತದಲ್ಲಿ ಪಾದರಸ ಹೆಚ್ಚಿದ್ದ ಮಕ್ಕಳ ಗಮನ, ನೆನಪು, ಭಾಷೆ ಏಳನೇ ವಯಸ್ಸಿನಲ್ಲಿ ಸ್ವಲ್ಪ ಹಿಂದಿದ್ದವು. ಮೀನನ್ನೇ ಹೆಚ್ಚು ತಿನ್ನುವ ಸೀಶೆಲ್ಸ್‌ನಲ್ಲಿ ಅಂಥ ಸ್ಪಷ್ಟ ಹಾನಿ ಕಾಣಲಿಲ್ಲ. ಸಿಟ್ಟು, ಭಯ, ಚಡಪಡಿಕೆಯ ಬಗ್ಗೆಯೂ ಎಲ್ಲ ಅಧ್ಯಯನಗಳು ಒಂದೇ ಮಾತು ಹೇಳುವುದಿಲ್ಲ. ಆದ್ದರಿಂದ ಪಕ್ಕದ ಬೆಂಚಿನ ಗೆಳೆಯ ಸುಮ್ಮನೆ ಕೂರದಿದ್ದರೆ ಅವನಿಗೆ ಪಾದರಸದ ಹಣೆಪಟ್ಟಿ ಹಚ್ಚಬೇಡಿ!

ಇದು ದೂರದ ಕತೆಯಲ್ಲ. ನಮ್ಮದೇ ರಾಜ್ಯದ ಕೊಡೈಕೆನಾಲಿನಲ್ಲಿ ಹಿಂದುಸ್ತಾನ್ ಲಿವರ್ ಕಂಪನಿಯ ಥರ್ಮಾಮೀಟರ್ ಕಾರ್ಖಾನೆಯಿತ್ತು. ಪಾದರಸ ಮೆತ್ತಿದ ಗಾಜಿನ ಚೂರುಗಳು ಊರಿನ ಗುಜರಿ ಅಂಗಡಿಯಲ್ಲಿ ಸಿಕ್ಕಿದ್ದರಿಂದ 2001ರಲ್ಲಿ ಜನ ಎದ್ದರು, ಕಾರ್ಖಾನೆ ಮುಚ್ಚಿತು. ಕೆಲಸಗಾರರ ಜೊತೆ ಕಂಪನಿ ಒಪ್ಪಂದ ಮಾಡಿಕೊಂಡಿದ್ದು 2016ರಲ್ಲಿ.

ನಮ್ಮ ಜೂಜುವಾಡಿಯಲ್ಲಿ ನಾವೇನು ಮಾಡಬಹುದು? ಟ್ಯೂಬ್‌ಲೈಟಿನಲ್ಲೂ ಪಾದರಸವಿದೆ, ಕಸದಲ್ಲಿ ಸಿಕ್ಕಿದರೆ ಆಟಕ್ಕೆ ಒಡೆಯಬೇಡಿ. ಥರ್ಮಾಮೀಟರ್ ಒಡೆದರೆ ಕಿಟಕಿ ತೆರೆಯಿರಿ, ಪೊರಕೆ ಹಾಕಬೇಡಿ, ಕೈಯಿಂದ ಮುಟ್ಟಬೇಡಿ. ದೊಡ್ಡವರನ್ನು ಕರೆಯಿರಿ, ಅವರು ಗಟ್ಟಿ ಕಾಗದದಿಂದ ಮಣಿಗಳನ್ನು ಸೇರಿಸಿ, ನೀರಿರುವ ಬಾಟಲಿಗೆ ಹಾಕಿ, ಮುಚ್ಚಳ ಬಿಗಿ ಮಾಡಲಿ. ಮನೆಯಲ್ಲಿ ಬಸುರಿ ಅಕ್ಕನೋ ಚಿಕ್ಕಮ್ಮನೋ ಇದ್ದರೆ ಅವರನ್ನು ಮೊದಲು ಹೊರಗೆ ಕಳಿಸಿ. ಅವರು ಮೀನು ಬಿಡಬೇಕಾಗಿಲ್ಲ. ಶಾರ್ಕ್ ಬೇಡ, ಮತ್ತಿಯಂಥ ಸಣ್ಣ ಮೀನು ಒಳ್ಳೇದು.

ಇವತ್ತೇ ಮನೆಗೆ ಹೋಗಿ ಇದನ್ನ ಅಮ್ಮನಿಗೆ ಹೇಳ್ತೀರಾ?